ಟೆಕ್ಸಾಸ್‌ನಲ್ಲಿ ಕರೆಂಟ್ ಹೋದರೆ ಯಾರಿಗೆ ಹೇಳಬೇಕು?

ಊರಲ್ಲಿ ಕರೆಂಟ್ ಹೋದರೆ ಯಾರಿಗೆ ಫೋನ್ ಮಾಡುವುದೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಂಗಳೂರಾದರೆ ಬೆಸ್ಕಾಂ, ಹುಬ್ಬಳ್ಳಿಯಾದರೆ ಹೆಸ್ಕಾಂ, ಸಹಾಯವಾಣಿ 1912. ಹಳ್ಳಿಯಾದರೆ ಲೈನ್‌ಮ್ಯಾನ್ ಮೊಬೈಲ್ ನಂಬರೇ ಇರುತ್ತದೆ. ಬಿಲ್ ಕೊಡುವವರೂ ಅವರೇ, ಕಂಬ ಹತ್ತುವವರೂ ಅವರೇ. ಡಲ್ಲಾಸ್, ಹ್ಯೂಸ್ಟನ್ ಕಡೆ ಹೊಸದಾಗಿ ಬಂದಿಳಿದ ನಮ್ಮವರು ಅದೇ ರೂಢಿಯಲ್ಲಿ ಬಿಲ್ ಮೇಲಿರುವ ಕಂಪನಿಗೆ ಫೋನ್ ಹಚ್ಚುತ್ತಾರೆ. ಇಲ್ಲಿ ಆ ಲೆಕ್ಕ ಹೊಂದುವುದಿಲ್ಲ.

2002ರ ಜನವರಿಯಿಂದ ಟೆಕ್ಸಾಸ್‌ನ ಬಹುಭಾಗದಲ್ಲಿ ಕರೆಂಟ್ ಮಾರುವ ವ್ಯಾಪಾರ ಬೇರೆ, ಕಂಬ-ತಂತಿ ನೋಡಿಕೊಳ್ಳುವ ಕೆಲಸ ಬೇರೆ. ರಿಲಯಂಟ್, ಟಿಎಕ್ಸ್‌ಯು ಮೊದಲಾದವರು ಪ್ಲಾನ್ ಮಾರುತ್ತಾರೆ, ಬಿಲ್ ಕಳಿಸುತ್ತಾರೆ. ಅವರ ಬಳಿ ಏಣಿಯೂ ಇಲ್ಲ, ಲಾರಿಯೂ ಇಲ್ಲ. ತಂತಿ ಡಲ್ಲಾಸ್ ಸುತ್ತ ಹೆಚ್ಚಾಗಿ ಆನ್‌ಕೋರ್‌ನದು, ಹ್ಯೂಸ್ಟನ್ ಸುತ್ತ ಸೆಂಟರ್‌ಪಾಯಿಂಟ್‌ನದು. ನೀವು ಯಾವ ಪ್ಲಾನ್ ಕೊಂಡಿದ್ದರೂ ದೂರು ಹೋಗಬೇಕಾದ್ದು ಈ ತಂತಿ ಕಂಪನಿಗೆ. ಆಸ್ಟಿನ್, ಸ್ಯಾನ್ ಆಂಟೋನಿಯೊದಂಥ ಕೆಲವು ಊರುಗಳಲ್ಲಿ ನಗರದ ಸ್ವಂತ ವಿದ್ಯುತ್ ಸಂಸ್ಥೆಗಳಿವೆ, ಅಲ್ಲಿ ಎರಡೂ ಒಂದೇ ಮನೆಯ ಕೆಲಸ. ಫ್ರಿಸ್ಕೊ ಸುತ್ತಮುತ್ತಲ ಕೆಲವು ಬಡಾವಣೆಗಳು ಕೋಸರ್ವ್ ಎಂಬ ಸಹಕಾರ ಸಂಘದ ಪಾಲಿಗೆ ಬರುತ್ತವೆ. ಹಾಗಾಗಿ ಗೆಳೆಯರನ್ನು ಕೇಳಿ ನಂಬರ್ ಬರೆದುಕೊಳ್ಳಬೇಡಿ, ನಿಮ್ಮ ಬಿಲ್ ತೆಗೆದು ನೋಡಿ. ತಂತಿ ಕಂಪನಿಯ ಹೆಸರು, ದೂರಿನ ನಂಬರ್ ಅದರಲ್ಲೇ ಇರುತ್ತದೆ. ಜೊತೆಗೆ ಇಎಸ್‌ಐ ಐಡಿ ಎಂದು 17 ಅಥವಾ 22 ಅಂಕಿಗಳ ಉದ್ದನೆಯ ಸಂಖ್ಯೆ ಇರುತ್ತದೆ. ನಮ್ಮ ಆರ್.ಆರ್. ನಂಬರ್ ಇದ್ದ ಹಾಗೆ, ಅದು ನಿಮ್ಮ ಮನೆಯ ಸಂಪರ್ಕದ ಗುರುತು.

ದೂರು ಕೊಡುವ ಮುಂಚೆ ಹೋಗಿರುವುದು ನಿಮ್ಮ ಮನೆಯದು ಮಾತ್ರವೋ ಬೀದಿಯದೋ ನೋಡಿಕೊಳ್ಳಿ. ಕಿಟಕಿಯಿಂದ ನೋಡಿದರೆ ಸಾಕು. ಪಕ್ಕದ ಮನೆಗಳಲ್ಲಿ ದೀಪ ಉರಿಯುತ್ತಿದ್ದರೆ ನಿಮ್ಮ ಬ್ರೇಕರ್ ಪೆಟ್ಟಿಗೆ ತೆರೆದು ಯಾವುದಾದರೂ ಟ್ರಿಪ್ ಆಗಿದೆಯೇ ಎಂದು ಪರೀಕ್ಷಿಸಿ. ಇದು ಸಾಮಾನ್ಯವಾಗಿ ಗ್ಯಾರೇಜಿನಲ್ಲೋ ಹೊರಗೋಡೆಯ ಮೇಲೋ ಇರುತ್ತದೆ. ಕೈ ಒದ್ದೆಯಾಗಿದ್ದರೆ ಅಥವಾ ನೆಲದಲ್ಲಿ ನೀರು ನಿಂತಿದ್ದರೆ ಅದರ ಹತ್ತಿರ ಹೋಗಬೇಡಿ. ನಮ್ಮವರಿಗೆ ವಿಚಿತ್ರವೆನಿಸುವ ಇನ್ನೊಂದು ಸಂಗತಿ ಇದೆ. ಇಲ್ಲಿನ ಮನೆಗೆ 120 ವೋಲ್ಟಿನ ಎರಡು ತಂತಿ ಬರುತ್ತವೆ, ಎರಡೂ ಸೇರಿ 240. ಒಂದು ಹೋದರೆ ಅರ್ಧ ಮನೆಗೆ ಮಾತ್ರ ಕರೆಂಟ್; ಫ್ರಿಜ್ ನಡೆಯಬಹುದು, ಎಸಿ ನಡೆಯುವುದಿಲ್ಲ. ಕೆಲವು ದೀಪ ಮಂಕಾಗಿ ಕೆಲವು ಕಣ್ಣು ಕುಕ್ಕುವಷ್ಟು ಉರಿದರೆ ನ್ಯೂಟ್ರಲ್ ತಂತಿ ಕಡಿದಿರಬಹುದು. ಆಗ ಮೇನ್ ಬ್ರೇಕರ್ ಆರಿಸಿಬಿಡಿ, ಇಲ್ಲವಾದರೆ ಟಿವಿ, ಫ್ರಿಜ್ ಎಲ್ಲ ಸುಟ್ಟುಹೋಗಬಹುದು. ಫೋನಿನಲ್ಲಿ ಇದನ್ನು ಹಾಗೆಯೇ ವಿವರಿಸಿ. ‘ಪವರ್ ಇಲ್ಲ’ ಎಂದಷ್ಟೇ ಹೇಳಿದರೆ ಅವರಿಗೆ ಅರ್ಧ ವಿಷಯವೂ ತಿಳಿಯುವುದಿಲ್ಲ.

ಇನ್ನು ಔಟೇಜ್ ಮ್ಯಾಪ್. ಇದು ತಂತಿ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ತೋರಿಸುವ, ಎಲ್ಲೆಲ್ಲಿ ಕರೆಂಟ್ ಇಲ್ಲ ಎಂಬುದರ ನಕ್ಷೆ. ಪಿನ್‌ಕೋಡನ್ನು ಇಲ್ಲಿ ಜಿಪ್ ಕೋಡ್ ಎನ್ನುತ್ತಾರೆ. ಅದನ್ನೋ ವಿಳಾಸವನ್ನೋ ಹಾಕಿದರೆ ನಿಮ್ಮ ಬೀದಿ ಕಾಣುತ್ತದೆ. ಬಣ್ಣಗಳು ಕಂಪನಿಯಿಂದ ಕಂಪನಿಗೆ ಬೇರೆ, ಆದ್ದರಿಂದ ಮೂಲೆಯಲ್ಲಿರುವ ವಿವರಣೆಯನ್ನು ಮೊದಲು ಓದಿ. ನಕ್ಷೆಯಲ್ಲಿ ‘ಗ್ರಾಹಕರು’ ಎಂದರೆ ಜನರಲ್ಲ, ಮೀಟರುಗಳು. ನೂರು ಗ್ರಾಹಕರು ಎಂದಿದ್ದರೆ ಕತ್ತಲಲ್ಲಿ ಕೂತವರು ಇನ್ನೂರು ಮುನ್ನೂರು ಜನ ಇರಬಹುದು.

ಈ ನಕ್ಷೆ ತಾನಾಗಿಯೇ ಎಲ್ಲವನ್ನೂ ಕಂಡುಕೊಳ್ಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅರ್ಧ ನಿಜ. ಸ್ಮಾರ್ಟ್ ಮೀಟರ್ ಕರೆಂಟ್ ಹೋಗುವ ಕ್ಷಣದಲ್ಲಿ ಒಂದು ಕೊನೆಯ ಸಂದೇಶ ಕಳಿಸುತ್ತದೆ, ಆದರೆ ದೊಡ್ಡ ಬಿರುಗಾಳಿಯಲ್ಲಿ ಅವೆಲ್ಲ ತಲುಪುತ್ತವೆಂಬ ಭರವಸೆಯಿಲ್ಲ. ಉಳಿದದ್ದು ದೂರುಗಳಿಂದಲೇ ತಿಳಿಯಬೇಕು. ನಾಲೆಯ ಕೊನೆಯ ಹತ್ತು ಗದ್ದೆಗೂ ನೀರು ಬಂದಿಲ್ಲವೆಂದು ಕೇಳಿದ ನೀರುಗಂಟಿ ತಡೆ ಮೇಲಿನ ತೂಬಿನಲ್ಲಿದೆ ಎಂದು ಊಹಿಸುವ ಹಾಗೆ, ಕಂಪನಿಯ ಕಂಪ್ಯೂಟರ್ ದೂರು ಬಂದ ಮನೆಗಳನ್ನೆಲ್ಲ ನೋಡಿ ಅವಕ್ಕೆಲ್ಲ ಸಾಮಾನ್ಯವಾದ ಫ್ಯೂಸ್ ಯಾವುದು, ಟ್ರಾನ್ಸ್‌ಫಾರ್ಮರ್ ಯಾವುದು, ಫೀಡರ್ ಯಾವುದು ಎಂದು ಮೇಲಕ್ಕೆ ಹುಡುಕಿಕೊಂಡು ಹೋಗುತ್ತದೆ. ಒಂದೇ ಮನೆಯಿಂದ ದೂರು ಬಂದರೆ ಆ ಮನೆಯ ತಂತಿಯೇ ಕಡಿದಿದೆ ಎಂದುಕೊಳ್ಳುತ್ತದೆ. ಇಡೀ ಬೀದಿಯಿಂದ ಬಂದರೆ ಟ್ರಾನ್ಸ್‌ಫಾರ್ಮರ್ ಎನ್ನುತ್ತದೆ. ‘ಪಕ್ಕದವರು ಹೇಳಿರುತ್ತಾರೆ ಬಿಡು’ ಎಂದು ಎಲ್ಲರೂ ಸುಮ್ಮನಿದ್ದರೆ ಆ ಊಹೆಯೇ ತಪ್ಪಾಗುತ್ತದೆ. ನಕ್ಷೆಯಲ್ಲಿ ನಿಮ್ಮ ಬೀದಿ ಆಗಲೇ ಬಣ್ಣ ತಳೆದಿದ್ದರೂ ನಿಮ್ಮ ದೂರು ಕೊಡಿ. ಆನ್‌ಕೋರ್ ಗ್ರಾಹಕರು ಮೊದಲೇ ಮೊಬೈಲ್ ನೋಂದಾಯಿಸಿಕೊಂಡಿದ್ದರೆ 66267ಕ್ಕೆ ‘ಔಟ್’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜ್ ಹಾಕಿದರೆ ಸಾಕು. ಗಾಳಿಮಳೆಯಲ್ಲಿ ಇಂಟರ್ನೆಟ್ ಹೋದರೂ ಮೆಸೇಜ್ ಹೋಗುವ ಸಂಭವ ಹೆಚ್ಚು.

ಕರೆಂಟ್ ಬರುವ ಅಂದಾಜು ಸಮಯವನ್ನೂ ನಕ್ಷೆ ತೋರಿಸುತ್ತದೆ. ಕೆಲಸಗಾರರು ಸ್ಥಳ ನೋಡುವವರೆಗೆ ಅದು ಹಳೆಯ ಅನುಭವದ ಮೇಲೆ ಹಾಕಿದ ಲೆಕ್ಕ. ನೋಡಿದ ಮೇಲೆ ಬದಲಾಗುತ್ತದೆ, ಮುಂದಕ್ಕೂ ಹೋಗುತ್ತದೆ. ರಾತ್ರಿ ಒಂಬತ್ತು ಎಂದಿದೆ ಎಂದು ಅಡುಗೆಗೆ ಕಾಯುತ್ತಾ ಕೂರಬೇಡಿ. ಬೀದಿಗೆಲ್ಲ ಕರೆಂಟ್ ಬಂದು ನಿಮ್ಮ ಮನೆಗೆ ಬಾರದೆ ಇರುವುದೂ ಉಂಟು. ದೊಡ್ಡ ದೋಷ ಸರಿಯಾಯಿತು, ಅದರ ಕೆಳಗೆ ಅವಿತಿದ್ದ ನಿಮ್ಮ ಮನೆಯ ತಂತಿಯ ದೋಷ ಉಳಿಯಿತು, ಕಂಪ್ಯೂಟರ್ ಮಾತ್ರ ಎಲ್ಲ ಮುಗಿಯಿತೆಂದು ಬರೆದುಕೊಂಡಿತು. ಆಗ ಮತ್ತೆ ದೂರು ಕೊಡಲೇಬೇಕು. ಸಂಕೋಚ ಬೇಡ.

ನಕ್ಷೆಯೇ ಕೈಕೊಟ್ಟದ್ದೂ ಇದೆ. 2024ರ ಮೇ 16ರ ಬಿರುಗಾಳಿಯ ಹೊತ್ತಿನಲ್ಲಿ ಸೆಂಟರ್‌ಪಾಯಿಂಟ್‌ನ ನಕ್ಷೆ ನೋಡುವವರ ನೂಕುನುಗ್ಗಲು ತಾಳದೆ ನಿಂತಿತು. ಜುಲೈ 8ರಂದು ಬೆರಿಲ್ ಚಂಡಮಾರುತ ಬಂದು 22 ಲಕ್ಷಕ್ಕೂ ಹೆಚ್ಚು ಗ್ರಾಹಕರು ಕತ್ತಲಲ್ಲಿ ಮುಳುಗಿದಾಗಲೂ ಅದು ಇರಲಿಲ್ಲ. ಹ್ಯೂಸ್ಟನ್ ಜನ ಏನು ಮಾಡಿದರು ಗೊತ್ತೇ? ವಾಟಾಬರ್ಗರ್ ಎಂಬ ಹೋಟೆಲಿನ ಆ್ಯಪ್ ತೆರೆದು ಯಾವ ಅಂಗಡಿ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂದು ನೋಡಿ ಎಲ್ಲಿ ಕರೆಂಟ್ ಇದೆಯೆಂದು ತಿಳಿದುಕೊಂಡರು! ಹೊಸ ನಕ್ಷೆ ಬಂದದ್ದು ಆಗಸ್ಟ್‌ನಲ್ಲಿ. ಜನರ ಜಾಣತನ ಮೆಚ್ಚಬೇಕಾದ್ದೇ, ಆದರೆ ಬರ್ಗರ್ ಅಂಗಡಿಗೆ ದೂರು ಕೊಡಲಾಗುವುದಿಲ್ಲ. ನಕ್ಷೆ ಇಲ್ಲದಿದ್ದಾಗಲೂ ಕೆಲಸಕ್ಕೆ ಬರುವುದು ಕಾಗದದಲ್ಲಿ ಬರೆದಿಟ್ಟ ಫೋನ್ ನಂಬರ್.

ಸುರಕ್ಷತೆಯ ಮಾತನ್ನು ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಮುಖ್ಯವಾಗಿ ಹೇಳುತ್ತೇನೆ. ಕರೆಂಟ್ ಹೋದರೆ ಟಾರ್ಚ್ ಹಿಡಿದು ಕಂಬ ನೋಡಲು ಹೋಗುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಇಲ್ಲಿ ಬೇಡ. ತಂತಿ ಬಿದ್ದಿದ್ದರೆ ಕನಿಷ್ಠ 35 ಅಡಿ ದೂರವಿರಿ. ಅದು ಕಿಡಿ ಹಾರಿಸದೆ ಸುಮ್ಮನೆ ಬಿದ್ದಿದ್ದರೂ ಸತ್ತಿದೆ ಎಂದುಕೊಳ್ಳಬೇಡಿ. ಅದರ ಮೇಲಿನ ಕೊಂಬೆಯನ್ನಾಗಲಿ, ಅದು ತಾಗಿರುವ ಬೇಲಿಯನ್ನಾಗಲಿ ಮುಟ್ಟಬೇಡಿ, ಒಣ ಕೋಲಿನಿಂದಲೂ ಬೇಡ. ಮೊದಲು 911, ಆಮೇಲೆ ತಂತಿ ಕಂಪನಿ. ‘ಪವರ್ ಲೈನ್ ಡೌನ್’ ಎಂದು ಹೇಳಿ ವಿಳಾಸ ಕೊಟ್ಟರೆ ಅವರಿಗೆ ವಿಷಯ ತಿಳಿಯುತ್ತದೆ. ದೂರು ಕೊಡಲು ಕಂಬದ ನಂಬರ್ ಓದುವ ಅಗತ್ಯವಿಲ್ಲ, ಫೋಟೊ ತೆಗೆಯುವ ಅಗತ್ಯವೂ ಇಲ್ಲ.

ಕಾರಿನ ಮೇಲೆ ತಂತಿ ಬಿದ್ದರೆ ಒಳಗೇ ಕುಳಿತು ಫೋನ್ ಮಾಡಿ. ಬೆಂಕಿ ಹತ್ತಿದರೆ ಮಾತ್ರ ಇಳಿಯಿರಿ. ಆಗಲೂ ಕಾರನ್ನೂ ನೆಲವನ್ನೂ ಏಕಕಾಲಕ್ಕೆ ಮುಟ್ಟದೆ, ಎರಡೂ ಪಾದ ಜೋಡಿಸಿ ಹಾರಿ, ಪಾದ ಬಿಡಿಸದೆ ಪುಟ್ಟ ಪುಟ್ಟದಾಗಿ ಸರಿಯುತ್ತಾ ದೂರ ಹೋಗಬೇಕು. ತಂತಿಯಿಂದ ನೆಲಕ್ಕಿಳಿದ ವಿದ್ಯುತ್ತಿನ ವೋಲ್ಟೇಜ್ ದೂರ ಹೋದಂತೆ ಇಳಿಯುತ್ತದೆ. ದೊಡ್ಡ ಹೆಜ್ಜೆ ಹಾಕಿದರೆ ಎರಡು ಪಾದಗಳ ನಡುವಿನ ಆ ವ್ಯತ್ಯಾಸವೇ ಮೈಯೊಳಗೆ ಕರೆಂಟ್ ಹರಿಸುತ್ತದೆ.

ಜನರೇಟರ್ ಮನೆಯಿಂದ 20 ಅಡಿಯಾದರೂ ಆಚೆ ಇರಲಿ, ಗ್ಯಾರೇಜಿನಲ್ಲಿ ಬಾಗಿಲು ತೆರೆದಿಟ್ಟೂ ಬೇಡ. ಅದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಬೇಡಿ. ಕರೆಂಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಾಗಿ, ಲೈನ್ ಸತ್ತಿದೆಯೆಂದು ಕೆಲಸ ಮಾಡುತ್ತಿರುವವನ ಪ್ರಾಣ ತೆಗೆಯುತ್ತದೆ. ಇದ್ದಿಲಿನ ಗ್ರಿಲ್ ಒಳಗೆ ತರಲೇಬೇಡಿ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ 45 ಲಕ್ಷ ಮನೆಗಳಿಗೆ ಕರೆಂಟ್ ಇಲ್ಲದಾದಾಗ ಹ್ಯೂಸ್ಟನ್‌ನಲ್ಲಿ ಹಲವರು ಚಳಿ ತಾಳದೆ ಇದ್ದಿಲು, ಕಾರು, ಜನರೇಟರ್ ಹಚ್ಚಿಕೊಂಡು ಕಾರ್ಬನ್ ಮಾನಾಕ್ಸೈಡ್ ವಿಷದಿಂದ ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಆ ಅನಿಲಕ್ಕೆ ವಾಸನೆಯಿಲ್ಲ. ಇನ್ನು ಆಹಾರದ ಮಾತು: ಮುಚ್ಚಿದ ಫ್ರಿಜ್ ಸುಮಾರು 4 ಗಂಟೆ, ತುಂಬಿದ ಫ್ರೀಜರ್ 48 ಗಂಟೆ ತಣ್ಣಗಿರುತ್ತದೆ. ಮತ್ತೆ ಮತ್ತೆ ಬಾಗಿಲು ತೆರೆದು ನೋಡದಿದ್ದರೆ, ಅಷ್ಟೆ.

ಮನೆಯಲ್ಲಿ ಆಕ್ಸಿಜನ್ ಯಂತ್ರವೋ ಮತ್ತಾವುದಾದರೂ ಜೀವರಕ್ಷಕ ಸಾಧನವೋ ಇದ್ದರೆ, ವೈದ್ಯರ ಸಹಿಯೊಂದಿಗೆ ತಂತಿ ಕಂಪನಿಯಲ್ಲಿ ನೋಂದಾಯಿಸಿ. ಆದರೂ ಕರೆಂಟ್ ಹೋಗುವುದಿಲ್ಲವೆಂಬ ಖಾತರಿ ಅದರಿಂದ ಸಿಗುವುದಿಲ್ಲ. ಬ್ಯಾಟರಿ ಬೇರೆಯೇ ಇಟ್ಟುಕೊಳ್ಳಿ.

ಆನ್‌ಕೋರ್ 888-313-4747, ಸೆಂಟರ್‌ಪಾಯಿಂಟ್ 713-207-2222. ನಿಮ್ಮ ಬಿಲ್‌ಗೆ ತಾಳೆ ನೋಡಿ, ನಿಮ್ಮದನ್ನು ಇಎಸ್‌ಐ ಐಡಿ ಜೊತೆಗೆ ದಪ್ಪ ಅಕ್ಷರದಲ್ಲಿ ಬರೆದು ಇವತ್ತೇ ಫ್ರಿಜ್ ಬಾಗಿಲಿಗೆ ಅಂಟಿಸಿ.