ಟೈರಿನ ಪಕ್ಕೆ ಬಿರಿಯುವುದೇಕೆ?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬೀದಿಗಳಲ್ಲಿ ಮನೆಯ ಕಾಂಪೌಂಡಿನ ಹೊರಗೆ ಹಗಲಿಡೀ ಬಿಸಿಲು ಕಾಯುತ್ತ ನಿಂತ ಕಾರುಗಳನ್ನು ಕಾಣದವರಿಲ್ಲ. ಅವುಗಳಲ್ಲಿ ಎಷ್ಟೋ ವಾರಕ್ಕೊಮ್ಮೆಯೂ ಕದಲವು. ಅಂತಹ ಕಾರಿನ ಟೈರಿನ ಗೆರೆಗಳು ಹೊಸದರಂತೆ ಆಳವಾಗಿಯೇ ಇರುತ್ತವೆ. ಆದರೆ ಬಾಗಿ ಅದರ ಪಕ್ಕೆಯನ್ನು ನೋಡಿದರೆ, ಬತ್ತಿದ ಕೆರೆಯ ಅಂಗಳದಂತೆ ಬಿರುಕುಬಿಟ್ಟಿರುತ್ತದೆ. ಓಡದ ಗಾಡಿಯ ಟೈರು ಕೆಡುವುದೆಂತು ಎಂಬ ಸಂದೇಹ ಸಹಜವಾದುದು. ಓಟದಿಂದ ಬರುವ ಸವೆತ ಬೇರೆ, ಕಾಲದಿಂದ ಬರುವ ಮುಪ್ಪು ಬೇರೆ ಎಂಬುದೇ ಇದಕ್ಕೆ ಉತ್ತರ.

ರಬ್ಬರು ಮೂಲತಃ ಮರದ ಹಾಲು. ನಮ್ಮ ನಾಡಿನ ಸುಳ್ಯ, ಪುತ್ತೂರು ಸೀಮೆಯ ತೋಟಗಳಲ್ಲಿ ಮರದ ತೊಗಟೆಯನ್ನು ಗೀರಿ ಈ ಹಾಲನ್ನು ಸಂಗ್ರಹಿಸುತ್ತಾರೆ. ಸಂಸ್ಕಾರವಿಲ್ಲದ ರಬ್ಬರು ಬಿಸಿಲಿಗೆ ಅಂಟಾಗುತ್ತದೆ, ಚಳಿಗೆ ಪೆಡಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದನ್ನು ಗಂಧಕದೊಡನೆ ಕಾಯಿಸಿ, ಎಳೆದರೆ ಹಿಗ್ಗುವ, ಬಿಟ್ಟರೆ ಮೊದಲಿನಂತಾಗುವ ಗಟ್ಟಿತನವನ್ನು ಸಾಧಿಸಿದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ಗಂಧಕವು ರಬ್ಬರಿನ ನೀಳವಾದ ಅಣುಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಆದರೂ ಆ ಸರಪಳಿಗಳಲ್ಲಿ ದ್ವಿಬಂಧಗಳೆಂಬ ದುರ್ಬಲ ಸ್ಥಾನಗಳು ಉಳಿದೇ ಇರುತ್ತವೆ. ಶತ್ರು ನುಗ್ಗುವುದು ಅಲ್ಲಿಂದಲೇ.

ಆ ಶತ್ರುವಿನ ಹೆಸರು ಓಜೋನ್. ಆಕಾಶದ ಎತ್ತರದಲ್ಲಿ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು ಜೀವಕೋಟಿಯನ್ನು ಕಾಯುವ ಓಜೋನೇ ನೆಲದ ಮಟ್ಟದಲ್ಲಿ ಹಾನಿಕರವಾಗುತ್ತದೆ. ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ಅದು ಹುಟ್ಟುತ್ತದೆ. ವಿದ್ಯುತ್ ಮೋಟಾರಿನ ಕಿಡಿ ಮತ್ತು ವೆಲ್ಡಿಂಗಿನಿಂದಲೂ ಹುಟ್ಟುತ್ತದೆ. ಗಾಳಿಯ ಹತ್ತು ಕೋಟಿ ಭಾಗಗಳಲ್ಲಿ ಕೆಲವೇ ಭಾಗದಷ್ಟಿದ್ದರೂ ಅದು ದ್ವಿಬಂಧಗಳನ್ನು ತುಂಡರಿಸಬಲ್ಲದು. ಇದರೊಡನೆ ಆಮ್ಲಜನಕವು ರಬ್ಬರನ್ನು ಮೆಲ್ಲಮೆಲ್ಲನೆ ಪೆಡಸಾಗಿಸುತ್ತದೆ. ಕಾವು ಹೆಚ್ಚಿದಷ್ಟೂ ಆ ಕೆಲಸ ತ್ವರಿತವಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಓಜೋನಿನಿಂದ ಬಿರುಕು ಮೂಡಬೇಕಾದರೆ ರಬ್ಬರು ಎಳೆತಕ್ಕೆ ಸಿಕ್ಕಿರಬೇಕು. ಶಾಲೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಎರಡು ರಬ್ಬರ್ ಬ್ಯಾಂಡುಗಳನ್ನು ತೆಗೆದುಕೊಂಡು, ಒಂದನ್ನು ಕಾಗದದ ಕಟ್ಟಿಗೆ ಬಿಗಿಯಾಗಿ ಸುತ್ತಿ ಕಿಟಕಿಯ ಬಳಿ ಇಡಬೇಕು. ಇನ್ನೊಂದನ್ನು ಸಡಿಲವಾಗಿ ಮೇಜಿನ ಒಳಗೆ ಇಡಬೇಕು. ಕೆಲವು ತಿಂಗಳಲ್ಲಿ ಬಿಗಿದುದು ಎಳೆತಕ್ಕೆ ಅಡ್ಡಲಾಗಿ ಬಿರಿದು ತುಂಡಾಗುವುದು. ಸಡಿಲವಾದುದು ಬಹುಕಾಲ ಬಾಳುವುದು. ನಿಂತ ಕಾರಿನ ಟೈರೂ ಬಿಗಿದ ಬ್ಯಾಂಡಿನಂತೆಯೇ. ಗಾಡಿಯ ಭಾರಕ್ಕೆ ಅದರ ಪಕ್ಕೆ ನೆಲದ ಬಳಿ ಉಬ್ಬಿ, ಒಂದೇ ಸ್ಥಳದಲ್ಲಿ ಸದಾ ಎಳೆತದಲ್ಲಿರುತ್ತದೆ. ಗಾಳಿ ಕಡಿಮೆಯಿದ್ದರೆ ಉಬ್ಬು ಇನ್ನೂ ಹೆಚ್ಚು.

ನೆಲಕ್ಕೆ ತಾಗುವ ಭಾಗಕ್ಕೆ ಈ ಬಾಧೆ ಅಷ್ಟಾಗಿ ಕಾಣದಿರಲು ಕಾರಣವೂ ಸ್ಪಷ್ಟ. ಅದು ದಪ್ಪ, ಓಡಿದಂತೆಲ್ಲ ಸವೆದು ಹಳೆಯ ಮೈಯನ್ನು ಕಳಚಿಕೊಳ್ಳುತ್ತದೆ. ಪಕ್ಕೆಯಾದರೋ ತೆಳು; ತಯಾರಾದ ದಿನದ ಮೈಯನ್ನೇ ಕೊನೆಯವರೆಗೂ ಹೊತ್ತಿರುತ್ತದೆ. ಅದನ್ನು ಕಾಯಲೆಂದೇ ತಯಾರಕರು ರಬ್ಬರಿಗೆ ಇಂಗಾಲದ ಮಸಿ, ಮೇಣ ಹಾಗೂ ಓಜೋನ್ ನಿರೋಧಕ ದ್ರವ್ಯಗಳನ್ನು ಬೆರೆಸುತ್ತಾರೆ. ಮಸಿ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಟೈರು ಉರುಳುತ್ತ ಮಣಿಯುವಾಗ ಮೇಣವೂ ನಿರೋಧಕಗಳೂ ಒಳಗಿನಿಂದ ಒಸರಿ ಮೇಲ್ಮೈಯನ್ನು ಆವರಿಸುತ್ತವೆ. ಗಾಡಿ ಬಹುಕಾಲ ನಿಂತರೆ ಈ ಒಸರು ಕುಗ್ಗುತ್ತದೆ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಸ್ತಬ್ಧವಾದಾಗ ವಾರಗಟ್ಟಲೆ ಕದಲದೆ ನಿಂತ ವಾಹನಗಳು ಇಂತಹ ಸ್ಥಿತಿಗೆ ಒಳಗಾದವು.

ಈ ವಿಚಾರ ವಿದ್ಯಾಸಂಸ್ಥೆಗಳಿಗೆ ನೇರವಾಗಿ ಸಂಬಂಧಿಸಿದುದು. ಶಾಲಾ ವಾಹನಗಳು ಏಪ್ರಿಲ್, ಮೇ ತಿಂಗಳ ಉರಿಬಿಸಿಲಿನಲ್ಲಿ ನಿಂತಿದ್ದು, ಜೂನ್ ತಿಂಗಳಲ್ಲಿ ಒಮ್ಮೆಲೇ ಮಕ್ಕಳ ಭಾರವನ್ನು ಹೊರುತ್ತವೆ. ಗೆರೆ ಆಳವಾಗಿದೆಯೆಂದು ಪಕ್ಕೆಯನ್ನು ನೋಡದೆ ಕೆಂಗೇರಿಯ ಆಚೆಗಿನ ಮೈಸೂರು ಹೆದ್ದಾರಿಯಲ್ಲಿ ವೇಗವಾಗಿ ಪ್ರವಾಸ ಹೊರಟರೆ ಅಪಾಯವನ್ನು ತಾನಾಗಿ ಕರೆದಂತೆ. ಮೇಲೆ ಹೊಸ ರಬ್ಬರು ಹೊದಿಸಿ ರೀಟ್ರೆಡ್ ಮಾಡಿಸಿದ ಟೈರಿಗೂ ಪಕ್ಕೆ ಹಳೆಯದೇ ಎಂಬುದನ್ನು ಮರೆಯಲಾಗದು.

ಆದುದರಿಂದ ಕೆಲವು ನಿಯಮಗಳನ್ನು ಪಾಲಿಸುವುದು ಲೇಸು. ವಾಹನವನ್ನು ನೆರಳಿನಲ್ಲಿ ನಿಲ್ಲಿಸಬೇಕು. ಬಳಸದಿದ್ದರೂ ಆಗಾಗ ಓಡಿಸಬೇಕು. ಟೈರು ತಣ್ಣಗಿರುವಾಗ ಗಾಳಿಯನ್ನು ಅಳೆಯಬೇಕು. ಸೀಮೆಎಣ್ಣೆ, ಡೀಸೆಲ್‌ಗಳಿಂದ ಟೈರನ್ನು ಒರೆಸಬಾರದು. ಬಿಡಿ ಟೈರುಗಳನ್ನು ಮೋಟಾರು, ವೆಲ್ಡಿಂಗ್ ಇರುವ ಕೊಠಡಿಯಲ್ಲಿ ಇಡಬಾರದು. ಪಕ್ಕೆಯ ಮೇಲೆ ಅಚ್ಚಾಗಿರುವ ನಾಲ್ಕು ಅಂಕೆಗಳನ್ನು ಓದಲು ಕಲಿಯಬೇಕು: 1423 ಎಂದಿದ್ದರೆ ಅದು 2023ನೆಯ ಇಸವಿಯ 14ನೆಯ ವಾರದಲ್ಲಿ ತಯಾರಾದುದು. ಐದು ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು. ಹತ್ತು ವರ್ಷ ತುಂಬಿದುದು ನೋಟಕ್ಕೆ ಚೆನ್ನಾಗಿದ್ದರೂ ತೆಗೆಯತಕ್ಕುದು. ಸ್ಟೆಪ್ನಿಗೂ ಇದೇ ಲೆಕ್ಕ. ಕೂದಲೆಳೆಯಂತಹ ಮೇಲ್ಬಿರುಕಿದ್ದರೆ ಎಚ್ಚರದಿಂದ ಗಮನಿಸುತ್ತಿರಬೇಕು. ಬಿರುಕು ಆಳವಾಗಿ ಒಳಗಿನ ನೂಲು ಕಂಡರೆ, ಅಥವಾ ಪಕ್ಕೆ ಒಂದೆಡೆ ಗಂಟಿನಂತೆ ಉಬ್ಬಿದ್ದರೆ, ಅಂದೇ ಬದಲಾಯಿಸಬೇಕು. ಪಕ್ಕೆಗೆ ತೇಪೆ ಸಲ್ಲದು.

ಟೈರು ತನ್ನ ವಯಸ್ಸನ್ನು ತನ್ನ ಮೈಮೇಲೆಯೇ ಬರೆದುಕೊಂಡಿರುತ್ತದೆ. ಶಾಲೆಯ ಗಾಡಿ ಹೊರಡುವ ಮುನ್ನ ಅದನ್ನು ಬಾಗಿ ಓದಲು ಕ್ಷಣಕಾಲ ಸಾಕು. ಆ ಕ್ಷಣವನ್ನು ಉಳಿಸಲು ಹೋಗಿ ಮಕ್ಕಳನ್ನು ಅಪಾಯಕ್ಕೆ ಒಡ್ಡುವುದು ಯಾರಿಗೂ ತರವಲ್ಲ.