ಮನೆಯಂಗಳದಲ್ಲಿ ಮೋಟಾರು ಗಾಡಿಯ ಎಂಜಿನ್ನನ್ನು ಶುಚಿಮಾಡುವ ಸುರಕ್ಷಿತ ಕ್ರಮ

ಕುಡಚಿಯು ಕೃಷ್ಣಾನದಿಯ ದಂಡೆಯ ಊರು. ಅದರ ಸುತ್ತಲಿನ ಹಳ್ಳಿಗಳಲ್ಲಿ ಕಬ್ಬೇ ಮುಖ್ಯ ಬೆಳೆ. ಹೊಳೆಯಾಚೆ ಉಗಾರ ಖುರ್ದದಲ್ಲಿ, ೧೯೩೯ರಲ್ಲಿ ಸ್ಥಾಪಿತವಾದ ಕಂಪನಿಯ ಸಕ್ಕರೆ ಕಾರಖಾನೆಯಿದೆ. ರಾಯಬಾಗ, ಅಥಣಿ, ಚಿಕ್ಕೋಡಿ ಭಾಗಗಳಲ್ಲಿ ಇನ್ನೂ ಹಲವು ಕಾರಖಾನೆಗಳಿವೆ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಹೊಲದಿಂದ ಕಾರಖಾನೆಗೆ ಓಡಾಡುತ್ತವೆ. ಜಮೀನುದಾರರ ಜೀಪು, ಕಾರುಗಳೂ ಅದೇ ಹಾದಿಯ ಧೂಳಿನಲ್ಲಿ, ಕಡಿದ ಕಬ್ಬಿನ ರವದಿಯ ನಡುವೆ ತಿರುಗುತ್ತವೆ. ಎರೆಮಣ್ಣಿನ ನುಣುಪಾದ ಧೂಳು, ರವದಿಯ ಚೂರು, ಸೋರಿದ ಎಣ್ಣೆ, ಈ ಮೂರೂ ಕೂಡಿ ಬಾನೆಟ್ಟಿನ ಕೆಳಗೆ ಎಂಜಿನ್ನಿನ ಮೈಮೇಲೆ ದಪ್ಪನಾದ ಪದರಾಗಿ ನಿಲ್ಲುತ್ತವೆ.

ಈ ಕೊಳೆಯನ್ನು ತೆಗೆಯುವ ಕೆಲಸವು ಬಹಳ ಮನೆಗಳಲ್ಲಿ ವರ್ಷಕ್ಕೊಮ್ಮೆ, ಮಹಾನವಮಿಯ ಖಂಡೇಪೂಜೆಯ ಹೊತ್ತಿಗೆ ಅವಸರದಿಂದ ನಡೆಯುತ್ತದೆ. ಹೊಲದಿಂದ ಬಂದ ಬಿಸಿ ಗಾಡಿಯನ್ನು ಬಾವಿಯ ಹತ್ತಿರ ನಿಲ್ಲಿಸಿ, ಡೀಸೆಲ್ ಹಚ್ಚಿ ತಿಕ್ಕಿ, ಪಂಪಿನ ನೀರನ್ನು ರಭಸದಿಂದ ಬಿಡುವುದುಂಟು. ಇದರಲ್ಲಿ ಶ್ರದ್ಧೆಯಿದೆ, ಕ್ರಮವಿಲ್ಲ. ಇದರಿಂದ ಕೆಲವು ಗಾಡಿಗಳು ಪೂಜೆಯ ಮರುದಿನವೇ ಕೆಟ್ಟು ನಿಲ್ಲುತ್ತವೆ. ಅದಕ್ಕೂ ಮಿಗಿಲಾಗಿ, ಕೆಲಸ ಮಾಡುವವನ ಕೈಕಾಲಿಗೂ ಜೀವಕ್ಕೂ ಅಪಾಯವುಂಟು. ಆದ್ದರಿಂದ ಈ ಕೆಲಸದ ಸರಿಯಾದ ಕ್ರಮವನ್ನು ಪ್ರತಿಯೊಬ್ಬ ವಾಹನದ ಯಜಮಾನನೂ ತಿಳಿದು, ತನ್ನ ಚಾಲಕರಿಗೂ ಆಳುಮಕ್ಕಳಿಗೂ ತಿಳಿಸುವುದು ಅವಶ್ಯ.

ಶುಚಿಮಾಡುವ ಉದ್ದೇಶ

ಎತ್ತಿನ ಮೈ ತೊಳೆಯುವ ಒಕ್ಕಲಿಗನು ಕೇವಲ ಅದರ ಹೊಳಪನ್ನು ನೋಡುವುದಿಲ್ಲ. ಎಲ್ಲಿ ಉಣ್ಣೆ ಹತ್ತಿದೆ, ಎಲ್ಲಿ ನೊಗ ಉಜ್ಜಿ ಗಾಯವಾಗಿದೆ ಎಂಬುದು ಆಗಲೇ ಅವನ ಕೈಗೆ ತಿಳಿಯುತ್ತದೆ. ಎಂಜಿನ್ನಿನ ವಿಷಯವೂ ಹಾಗೆಯೇ. ಕೊಳೆಯ ಕೆಳಗೆ ಎಣ್ಣೆಯ ಸೋರಿಕೆ ಕಾಣುವುದಿಲ್ಲ. ಬಿರುಕು ಬಿಟ್ಟ ರಬ್ಬರು ಕೊಳವೆ ಕಾಣುವುದಿಲ್ಲ. ಇಲಿ ಕಡಿದ ವಾಯರು ಕಾಣುವುದಿಲ್ಲ. ರೇಡಿಯೇಟರಿನ ಸಂದುಗಳಲ್ಲಿ ಧೂಳು ತುಂಬಿದರೆ ಗಾಳಿ ಹಾಯದೆ ಎಂಜಿನ್ನು ಕಾಯುತ್ತದೆ.

ಎಲ್ಲಕ್ಕಿಂತ ದೊಡ್ಡ ಭಯವು ಬೆಂಕಿಯದು. ಎಣ್ಣೆಯಲ್ಲಿ ನೆನೆದ ರವದಿಯು ಹೊಗೆ ಹೋಗುವ ಕೊಳವೆಯ ಮೇಲೆ ಕುಳಿತಿದ್ದರೆ ಅದು ದೀಪದ ಬತ್ತಿಗೆ ಸಮಾನ. ೨೦೨೦ರ ಏಪ್ರಿಲ್ ೧ರಿಂದ ಭಾರತದಲ್ಲಿ ಹೊಸ ಕಾರುಗಳಿಗೆ ಬಿ.ಎಸ್.-೬ ನಿಯಮ ಅನ್ವಯಿಸಿದೆ. ಅಂಥ ಡೀಸೆಲ್ ಕಾರುಗಳ ಹೊಗೆಯ ಹಾದಿಯಲ್ಲಿ ಮಸಿಯನ್ನು ಹಿಡಿದಿಡುವ ಜರಡಿಯೊಂದಿರುತ್ತದೆ. ಕೂಡಿದ ಮಸಿಯನ್ನು ಅದು ಆಗಾಗ ಸುಟ್ಟುಹಾಕುವಾಗ ಒಳಗಿನ ಕಾವು ಸುಮಾರು ೬೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಏರುತ್ತದೆ. ಒಣ ರವದಿ ಹೊತ್ತಿಕೊಳ್ಳಲು ಅಷ್ಟು ಕಾವು ಬೇಕಾಗುವುದೇ ಇಲ್ಲ. ಕಟಾವಿಗೆ ಬಂದ ಹೊಲದಲ್ಲಿ ಇಂಥ ಬೆಂಕಿ ಎದ್ದರೆ ಗಾಡಿಯೊಂದಿಗೆ ವರ್ಷದ ಬೆಳೆಯೂ ಹೋಗುವುದು. ಸುಟ್ಟ ಕಬ್ಬನ್ನು ಬೇಗನೆ ನುರಿಸದಿದ್ದರೆ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. ಎಂಜಿನ್ನನ್ನು ಶುಚಿಯಾಗಿಡುವುದರ ಮೊದಲ ಪ್ರಯೋಜನವು ಇಂಥ ಹಾನಿಯನ್ನು ತಪ್ಪಿಸುವುದೇ ಆಗಿದೆ.

ಬಳಸಬಾರದ ಪದಾರ್ಥಗಳು

ಪೆಟ್ರೋಲಿನಿಂದ ಎಂಜಿನ್ನನ್ನು ಎಂದಿಗೂ ತೊಳೆಯಬಾರದು. ಸೊನ್ನೆಗಿಂತ ಸುಮಾರು ೪೦ ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಅದರಿಂದ ಕಿಡಿಗೆ ಹತ್ತಿಕೊಳ್ಳುವ ಆವಿ ಏಳುತ್ತದೆ. ಡೀಸೆಲ್ಲೂ ಸೀಮೆಎಣ್ಣೆಯೂ ನಿರಪಾಯವೆಂದು ಹಲವರ ಭಾವನೆ, ಇದು ತಪ್ಪು. ಭಾರತೀಯ ಮಾನಕದ ಪ್ರಕಾರ ಇವುಗಳ ಆವಿಯು ಕಿಡಿಗೆ ಹತ್ತುವ ಕಾವು ೩೫ ಡಿಗ್ರಿಗಿಂತ ಕಡಿಮೆಯಿರಕೂಡದು ಎಂದಷ್ಟೇ ಇದೆ. ಕುಡಚಿಯ ಕಡೆ ಬೇಸಗೆಯ ಮಧ್ಯಾಹ್ನದ ಗಾಳಿಯೇ ಅದಕ್ಕಿಂತ ಬಿಸಿಯಾಗಿರುತ್ತದೆ. ಈಗತಾನೇ ನಿಂತ ಎಂಜಿನ್ನಿನ ಮೈಯಂತೂ ಅದರ ಎರಡು ಮೂರು ಪಟ್ಟು ಕಾದಿರುತ್ತದೆ. ಅಲ್ಲದೆ ಈ ಎಣ್ಣೆಗಳು ರಬ್ಬರಿನ ಕೊಳವೆ, ಬೆಲ್ಟುಗಳನ್ನು ಕ್ರಮೇಣ ಉಬ್ಬಿಸಿ ಮೆದುಮಾಡುತ್ತವೆ.

ಕಾಸ್ಟಿಕ್ ಸೋಡಾವನ್ನೂ ಬಳಸಲಾಗದು. ಈಗಿನ ಎಂಜಿನ್ನುಗಳಲ್ಲಿಯೂ ರೇಡಿಯೇಟರುಗಳಲ್ಲಿಯೂ ಅಲ್ಯೂಮಿನಿಯಮ್ ಭಾಗಗಳು ಹೆಚ್ಚು. ಕಾಸ್ಟಿಕ್ ಸೋಡಾ ಆ ಲೋಹವನ್ನು ತಿನ್ನುತ್ತದೆ, ಮತ್ತು ಆಗ ಹೊತ್ತಿಕೊಳ್ಳುವ ಜಲಜನಕದ ಅನಿಲವೂ ಹೊರಡುತ್ತದೆ. ಬೆಳೆಗೆ ಔಷಧಿ ಹೊಡೆಯುವ ಪಂಪಿನಿಂದ ಎಂಜಿನ್ನಿಗೆ ನೀರು ಹೊಡೆಯುವುದೂ ಸಲ್ಲದು. ಅದರ ಒತ್ತಡಕ್ಕೆ ನೀರು ವಾಯರುಗಳ ಜೋಡಣೆಯೊಳಗೆ ನುಗ್ಗುತ್ತದೆ. ಪಂಪಿನಲ್ಲಿ ಉಳಿದ ವಿಷವೂ ಕೆಲಸಗಾರನ ಮುಖಕ್ಕೆ ಸಿಡಿಯುತ್ತದೆ.

ಬೇಕಾಗುವ ಸಾಮಾನುಗಳು

ಮೃದುವಾದ ದೊಡ್ಡ ಕುಂಚ ಒಂದು, ಹಳೆಯ ಹಲ್ಲುಜ್ಜುವ ಬ್ರಶ್ಶುಗಳು ಎರಡು, ಹತ್ತಿಬಟ್ಟೆಯ ಚಿಂದಿಗಳು ಹತ್ತು, ಪಾತ್ರೆ ತೊಳೆಯುವ ದ್ರವ ಸೋಪು, ಅಥವಾ ನೀರಿನಲ್ಲಿ ಕರಗುವ ಜಿಡ್ಡುನಾಶಕ, ಕೈಯಿಂದ ಒತ್ತಿ ಸಿಂಪಡಿಸುವ ಚಿಕ್ಕ ಬಾಟಲಿ, ಪ್ಲ್ಯಾಸ್ಟಿಕ್ ಚೀಲಗಳು, ಬ್ಯಾಟರಿಯ ತಿರುಪಿಗೆ ಹೊಂದುವ ಪಾನಾ, ಅಡುಗೆ ಸೋಡಾ, ರಬ್ಬರಿನ ಕೈಚೀಲ ಮತ್ತು ಕಣ್ಣಿಗೆ ಕನ್ನಡಕ, ಎರಡು ಬಕೆಟ್ಟು ಒಣ ಮರಳು. ಚಿಂದಿಗಳನ್ನು ಮೊದಲೇ ಎಣಿಸಿಡಬೇಕು. ಕೆಲಸ ಮುಗಿದ ಮೇಲೆ ಎಣಿಕೆ ಸರಿಹೋಗದಿದ್ದರೆ ಒಂದು ಚಿಂದಿ ಎಂಜಿನ್ನಿನಲ್ಲಿಯೇ ಉಳಿದಿದೆ ಎಂದು ತಿಳಿಯತಕ್ಕದ್ದು. ಅದು ಬೆಲ್ಟಿಗೆ ಸಿಕ್ಕಬಹುದು, ಬಿಸಿ ಕೊಳವೆಯ ಮೇಲೆ ಬಿದ್ದು ಹೊತ್ತಬಹುದು.

ಪೂರ್ವಸಿದ್ಧತೆ

ಗಾಡಿಯನ್ನು ಬಣವೆ, ರವದಿಯ ರಾಶಿ, ದನದ ಕೊಟ್ಟಿಗೆಗಳಿಂದ ದೂರದಲ್ಲಿ, ಸಮನೆಲದ ಮೇಲೆ, ನೆರಳಿನಲ್ಲಿ ನಿಲ್ಲಿಸಬೇಕು. ಗಿಯರು ಮತ್ತು ಕೈಬ್ರೇಕುಗಳನ್ನು ಹಾಕಿ, ಚಕ್ರಗಳಿಗೆ ಕಲ್ಲಿನ ಆನಿಕೆ ಕೊಡಬೇಕು. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗಿನ ತಂಪಿನಲ್ಲಿ ಶುಚಿಮಾಡುವುದು ಎಲ್ಲಕ್ಕಿಂತ ಉತ್ತಮ. ಬಿಸಿ ಲೋಹದ ಮೇಲೆ ತಣ್ಣೀರು ಬಿದ್ದರೆ ಅದು ಸೀಳುವ ಸಂಭವವಿದೆ, ಸೋಪು ಒಣಗಿ ಕಲೆಯಾಗುತ್ತದೆ, ಕೈಯೂ ಸುಡುತ್ತದೆ.

ಕೀಲಿಯನ್ನು ತೆಗೆದು ಯಜಮಾನನು ತನ್ನ ಬಳಿಯಲ್ಲಿಯೇ ಇಟ್ಟುಕೊಳ್ಳಬೇಕು. ಅನಂತರ ಬ್ಯಾಟರಿಯ ಸಂಪರ್ಕವನ್ನು ಬಿಡಿಸಬೇಕು. ಇದರಲ್ಲಿ ಒಂದು ಅನುಕ್ರಮವಿದೆ: ಋಣ ಚಿಹ್ನೆಯ ತಂತಿಯನ್ನು ಮೊದಲು ಬಿಚ್ಚುವುದು, ಧನ ಚಿಹ್ನೆಯದನ್ನು ಆಮೇಲೆ, ಜೋಡಿಸುವಾಗ ಧನ ಮೊದಲು, ಋಣ ಕಡೆಗೆ. ಗಾಡಿಯ ಕಬ್ಬಿಣದ ಮೈಯೆಲ್ಲವೂ ಋಣದ ತಂತಿಗೆ ಸೇರಿರುವುದರಿಂದ, ಮೊದಲು ಧನವನ್ನು ಬಿಚ್ಚುವಾಗ ಪಾನಾ ಮೈಗೆ ತಗಲಿದರೆ ದೊಡ್ಡ ಕಿಡಿ ಹಾರುತ್ತದೆ; ಬ್ಯಾಟರಿಯಿಂದ ಹೊರಡುವ ಜಲಜನಕವು ಆ ಕಿಡಿಗೆ ಸಿಡಿಯಬಹುದು. ಕೆಲವು ಕಾರುಗಳಲ್ಲಿ ರೇಡಿಯೇಟರಿನ ಫ್ಯಾನು ಎಂಜಿನ್ನು ನಿಂತ ಮೇಲೂ ತಾನಾಗಿ ತಿರುಗತೊಡಗುತ್ತದೆ. ಬ್ಯಾಟರಿಯನ್ನು ಬಿಡಿಸಿದರೆ ಆ ಭಯವೂ ತಪ್ಪುತ್ತದೆ.

ವಿದ್ಯುತ್ ಕಾರುಗಳಲ್ಲಿಯೂ ಹೈಬ್ರಿಡ್ ಕಾರುಗಳಲ್ಲಿಯೂ ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುತ್ತವೆ. ಅವುಗಳಲ್ಲಿ ಪ್ರಾಣಾಂತಿಕ ವಿದ್ಯುತ್ತು ಹರಿಯುವುದರಿಂದ ಅಂಥ ಗಾಡಿಯ ಈ ಭಾಗವನ್ನು ಮನೆಯಲ್ಲಿ ಶುಚಿಮಾಡದೆ ಬಲ್ಲವರಿಗೆ ಒಪ್ಪಿಸುವುದೇ ಯುಕ್ತ.

ಮೊದಲು ಒಣ ಶುಚಿ

ಅರ್ಧಕ್ಕಿಂತ ಹೆಚ್ಚಿನ ಕೊಳೆ ನೀರಿಲ್ಲದೆಯೇ ಹೋಗುತ್ತದೆ. ರವದಿಯ ಚೂರು, ಒಣ ಎಲೆ, ಇಲಿಯ ಗೂಡುಗಳನ್ನು ಕೈಚೀಲ ಧರಿಸಿ ಆರಿಸಿ ತೆಗೆಯಬೇಕು. ಹೊಗೆಕೊಳವೆಯ ಸುತ್ತ, ಬ್ಯಾಟರಿಯ ತಟ್ಟೆಯ ಕೆಳಗೆ, ಬಾನೆಟ್ಟಿನ ಮೂಲೆಗಳಲ್ಲಿ ವಿಶೇಷ ಲಕ್ಷ್ಯವಿಡಬೇಕು. ಅನಂತರ ಕುಂಚದಿಂದ ಮೇಲಿನಿಂದ ಕೆಳಕ್ಕೆ ಧೂಳನ್ನು ಇಳಿಸುವುದು. ಗಾಳಿಯ ಯಂತ್ರವಿದ್ದರೆ ಅದರ ಒತ್ತಡವನ್ನು ೩೦ ಪೌಂಡಿಗೆ ಇಳಿಸಿ, ಕನ್ನಡಕ ಹಾಕಿಕೊಂಡು ಬಳಸಬಹುದು. ಆ ಗಾಳಿಯನ್ನು ಮನುಷ್ಯನ ಮೈಗೆ ಹಿಡಿಯಕೂಡದು.

ರೇಡಿಯೇಟರಿಗೆ ಗಾಳಿಯನ್ನು ಎಂಜಿನ್ನಿನ ಕಡೆಯಿಂದ ಹೊರಕ್ಕೆ ಊದಬೇಕು. ಓಡುವಾಗ ಗಾಳಿ ಮುಂದಿನಿಂದ ಒಳಕ್ಕೆ ಬರುವುದರಿಂದ ಧೂಳು ಮುಂಭಾಗದಲ್ಲಿ ನೆಟ್ಟಿರುತ್ತದೆ. ಅದೇ ದಿಕ್ಕಿನಲ್ಲಿ ಊದಿದರೆ ಇನ್ನೂ ಆಳಕ್ಕೆ ಹೋಗುವುದು. ಅದರ ತೆಳುವಾದ ರೆಕ್ಕೆಗಳನ್ನು ಗಟ್ಟಿ ಬ್ರಶ್ಶಿನಿಂದ ಬಗ್ಗಿಸಬಾರದು. ಕಾಗದದ ಏರ್ ಫಿಲ್ಟರನ್ನು ನೀರಿನಿಂದ ತೊಳೆಯುವುದಾಗಲಿ, ಕಲ್ಲಿಗೆ ಬಡಿಯುವುದಾಗಲಿ ಸಲ್ಲದು. ಕೊಳೆಯಾದರೆ ಹೊಸದನ್ನೇ ಹಾಕತಕ್ಕದ್ದು.

ಜಿಡ್ಡು ತೆಗೆಯುವ ಕ್ರಮ

ಆಲ್ಟರ್ನೇಟರು, ಫ್ಯೂಸಿನ ಪೆಟ್ಟಿಗೆ, ವಾಯರುಗಳು ಕೂಡುವ ಪೆಟ್ಟಿಗೆಗಳು, ಎಂಜಿನ್ನಿಗೆ ಗಾಳಿ ಹೋಗುವ ಬಾಯಿ, ಇವುಗಳಿಗೆ ಪ್ಲ್ಯಾಸ್ಟಿಕ್ ಚೀಲ ಸುತ್ತಿ ಕಟ್ಟಬೇಕು. ಎಂಜಿನ್ ಎಣ್ಣೆಯ ಮುಚ್ಚಳವೂ ಎಣ್ಣೆ ಅಳೆಯುವ ಕಡ್ಡಿಯೂ ಭದ್ರವಾಗಿವೆಯೇ ಎಂದು ನೋಡಬೇಕು. ಬಳಿಕ ಸೋಪನ್ನು ನೀರಿನಲ್ಲಿ ಕಲಸಿ, ಬ್ರಶ್ಶನ್ನು ಅದರಲ್ಲಿ ಅದ್ದಿ, ಜಿಡ್ಡಿರುವ ಜಾಗಕ್ಕೆ ಮಾತ್ರ ಹಚ್ಚಬೇಕು. ನಾಲ್ಕೈದು ನಿಮಿಷ ನೆನೆಯಲು ಬಿಟ್ಟು, ಒಣಗುವ ಮೊದಲೇ ತಿಕ್ಕಿ, ಒದ್ದೆ ಚಿಂದಿಯಿಂದ ಒರೆಸಿ ತೆಗೆಯಬೇಕು. ತೊಳೆಯಲೇಬೇಕಾದಲ್ಲಿ ಸಿಂಪಡಿಸುವ ಬಾಟಲಿಯ ನೀರು ಸಾಕು. ಸವಳು ನೀರು ಒಣಗಿದ ಮೇಲೆ ಉಪ್ಪನ್ನು ಬಿಟ್ಟು ತುಕ್ಕಿಗೆ ದಾರಿಮಾಡುವುದರಿಂದ ಸಿಹಿನೀರನ್ನೇ ಬಳಸುವುದು ಮೇಲು. ಬೆಲ್ಟುಗಳಿಗೆ ಸೋಪನ್ನಾಗಲಿ ಎಣ್ಣೆಯನ್ನಾಗಲಿ ಸೋಕಿಸಬಾರದು.

ಬ್ಯಾಟರಿಯ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕೂಡಿದ್ದರೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಬ್ರಶ್ಶಿನಿಂದ ಹಚ್ಚಿ ಒರೆಸಬೇಕು. ಸೋಡಾ ನೀರು ಬ್ಯಾಟರಿಯ ಮುಚ್ಚಳಗಳೊಳಗೆ ಇಳಿಯಬಾರದು.

ರೇಡಿಯೇಟರಿನ ಮುಚ್ಚಳವನ್ನು ಬಿಸಿಯಿರುವಾಗ ತೆರೆಯಲೇಬಾರದು. ಒತ್ತಡದಲ್ಲಿರುವ ಅಡುಗೆ ಕುಕ್ಕರಿನ ಮುಚ್ಚಳ ತೆಗೆದಂತೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಅದರೊಳಗಿನ ಕೂಲಂಟ್ ದ್ರವವು ಸಾಮಾನ್ಯವಾಗಿ ರುಚಿಗೆ ಸಿಹಿ, ಗುಣದಲ್ಲಿ ವಿಷ. ನೆಲಕ್ಕೆ ಸೋರಿದ್ದನ್ನು ನಾಯಿ, ದನ, ಮಕ್ಕಳ ಬಾಯಿಗೆ ಹೋಗದಂತೆ ಕೂಡಲೇ ಮರಳು ಹಾಕಿ ಬಳಿದು ತೆಗೆಯಬೇಕು.

ಪುನಃ ಚಾಲನೆ

ಎಲ್ಲ ಭಾಗಗಳನ್ನೂ ಒಣ ಬಟ್ಟೆಯಿಂದ ಒರೆಸಿ, ಪ್ಲ್ಯಾಸ್ಟಿಕ್ ಚೀಲಗಳನ್ನೂ ಚಿಂದಿಗಳನ್ನೂ ಎಣಿಸಿ ತೆಗೆದು, ಬಾನೆಟ್ಟನ್ನು ತೆರೆದಿಟ್ಟು ಒಂದೆರಡು ಗಂಟೆ ಆರಲು ಬಿಡಬೇಕು. ಆಮೇಲೆ ಬ್ಯಾಟರಿಯನ್ನು ಜೋಡಿಸಿ, ಎಂಜಿನ್ನನ್ನು ಆರಂಭಿಸಿ, ಹತ್ತು ನಿಮಿಷ ನಿಂತಲ್ಲಿಯೇ ನಡೆಯಿಸಬೇಕು. ಆಗ ಸಡಿಲ ಧೋತರ, ಉದ್ದ ತೋಳು, ಹೆಗಲ ವಸ್ತ್ರಗಳು ಫ್ಯಾನಿನ ಹತ್ತಿರ ಬರಬಾರದು. ಶುಚಿಯಾದ ಮೈಮೇಲೆ ಹೊಸದಾಗಿ ಎಣ್ಣೆ ಎಲ್ಲಿ ಒಸರುತ್ತದೆ ಎಂಬುದನ್ನು ಈಗ ನೋಡತಕ್ಕದ್ದು. ಇಷ್ಟು ಶ್ರಮದ ಫಲವು ಇಲ್ಲಿಯೇ ದೊರೆಯುವುದು.

ಮಹಾಪೂರದ ನೀರು ಹೊಕ್ಕ ಗಾಡಿ

೨೦೦೫ರಲ್ಲಿಯೂ ೨೦೧೯ರ ಆಗಸ್ಟಿನಲ್ಲಿಯೂ ಕೃಷ್ಣೆಗೆ ಮಹಾಪೂರ ಬಂದು ದಂಡೆಯ ಊರುಗಳು ನೀರಿನಲ್ಲಿ ನಿಂತವು. ಹೊಳೆಯ ನೀರು ಎಂಜಿನ್ನಿನವರೆಗೆ ಏರಿದ್ದ ಗಾಡಿಗೆ ಮೇಲಿನ ಕ್ರಮ ಅನ್ವಯಿಸುವುದಿಲ್ಲ. ಅದನ್ನು ತೊಳೆದು ಒಣಗಿಸಿದರೂ ಕೀಲಿ ತಿರುಗಿಸಲಾಗದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರಿನಲ್ಲಿ ನೀರಿರುವಾಗ ಎಂಜಿನ್ನು ತಿರುಗಿದರೆ ಒಳಗಿನ ಕನೆಕ್ಟಿಂಗ್ ರಾಡು ಬಾಗುತ್ತದೆ. ಅಂಥ ಗಾಡಿಯನ್ನು ಎಳೆದುಕೊಂಡು ಹೋಗಿ ಮೆಕ್ಯಾನಿಕನಿಗೆ ಒಪ್ಪಿಸಬೇಕು.

ಕೊಳೆನೀರಿನ ವ್ಯವಸ್ಥೆ

ಗಾಡಿಯನ್ನು ಹೊಳೆಯೊಳಗೆ ಇಳಿಸಿ ತೊಳೆಯುವುದೂ, ಬಾವಿ ಕಾಲುವೆಗಳ ದಂಡೆಯಲ್ಲಿ ತೊಳೆಯುವುದೂ ನಿಲ್ಲಬೇಕು. ಅದೇ ನೀರನ್ನು ಜನರೂ ದನಗಳೂ ಕುಡಿಯುವರು. ಗಾಡಿಯ ಕೆಳಗೆ ಮರಳು ಅಥವಾ ಒಣಗಿದ ಕಬ್ಬಿನ ಸಿಪ್ಪೆಯನ್ನು ಹರಡಿದರೆ ಜಿಡ್ಡುನೀರು ಅದರಲ್ಲಿ ಹೀರುತ್ತದೆ. ಅದನ್ನೂ ಎಣ್ಣೆಯ ಚಿಂದಿಗಳನ್ನೂ ಮುಚ್ಚಳವುಳ್ಳ ತಗಡಿನ ಡಬ್ಬಿಯಲ್ಲಿ ಬೇರೆಯಾಗಿ ಇಡಬೇಕು. ತಿಪ್ಪೆಗೆ ಹಾಕಕೂಡದು, ಒಲೆಗೂ ಹಾಕಕೂಡದು. ಬಳಸಿ ಬಿಟ್ಟ ಎಂಜಿನ್ ಎಣ್ಣೆಯು ೨೦೧೬ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯವಾದುದರಿಂದ ಅದನ್ನು ಅಧಿಕೃತವಾಗಿ ಸಂಗ್ರಹಿಸುವವರಿಗೇ ಕೊಡತಕ್ಕದ್ದು.

ಊರ ಹಿರಿಯರ ಕರ್ತವ್ಯ

ಒಬ್ಬ ಜಮೀನುದಾರನು ತನ್ನ ಗಾಡಿಯನ್ನು ಶುಚಿಯಾಗಿಟ್ಟರೆ ಸಾಲದು. ನೆರೆಯವನ ಗಾಡಿಯ ಕಿಡಿಯೂ ಅವನ ಕಬ್ಬಿಗೆ ಹತ್ತಬಲ್ಲುದು. ಆದ್ದರಿಂದ ಗ್ರಾಮದ ಮುಖಂಡರು ಹಂಗಾಮಿಗೆ ಮೊದಲು ಟ್ರ್ಯಾಕ್ಟರುಗಳ ಯಜಮಾನರನ್ನೂ ಚಾಲಕರನ್ನೂ ಕೂಡಿಸಿ, ಕೆಳಗಿನ ಸಂಗತಿಗಳನ್ನು ಓದಿ ಹೇಳುವುದು ಹಿತಕರ.

(೧) ಹಂಗಾಮಿಗೆ ಮೊದಲೊಮ್ಮೆ, ನಡುವೆ ಒಮ್ಮೆ, ಮುಗಿದ ಮೇಲೊಮ್ಮೆ ಎಂಜಿನ್ನನ್ನು ಶುಚಿಮಾಡಬೇಕು. ರವದಿಯನ್ನು ಮಾತ್ರ ಪ್ರತಿದಿನ ಬೆಳಿಗ್ಗೆ ಆರಿಸಿ ತೆಗೆಯಬೇಕು.

(೨) ಎಂಜಿನ್ನು ತಣ್ಣಗಾಗದೆ, ಬ್ಯಾಟರಿ ಬಿಡಿಸದೆ ಕೈಹಾಕಬಾರದು.

(೩) ಕುಂಚ ಮೊದಲು, ಸೋಪು ಆಮೇಲೆ, ನೀರು ಕಡೆಗೆ ಮತ್ತು ಸ್ವಲ್ಪವೇ.

(೪) ಪೆಟ್ರೋಲು, ಡೀಸೆಲ್ಲು, ಸೀಮೆಎಣ್ಣೆಗಳಿಂದ ತೊಳೆಯಬಾರದು. ಹತ್ತಿರದಲ್ಲಿ ಬೀಡಿ ಹಚ್ಚಬಾರದು.

(೫) ರವದಿ ಬಿದ್ದ ಹೊಲದಲ್ಲಿ ಬಿಸಿ ಗಾಡಿಯನ್ನು ನಿಲ್ಲಿಸಬಾರದು; ಕಬ್ಬು ಹೇರುವ ಜಾಗದಲ್ಲಿ ಮರಳಿನ ಬಕೆಟ್ಟುಗಳು ಸಿದ್ಧವಾಗಿರಬೇಕು. ಎಣ್ಣೆಗೆ ಹತ್ತಿದ ಬೆಂಕಿಗೆ ನೀರೆರಚಿದರೆ ಅದು ಹರಡುವುದು. ಮರಳೇ ಅದಕ್ಕೆ ಉಪಾಯ. ಬಾನೆಟ್ಟಿನ ಒಳಗೆ ಬೆಂಕಿ ಹೆಚ್ಚಿದ್ದರೆ ಅದನ್ನು ಪೂರ್ತಿ ತೆರೆಯದೆ, ಎಲ್ಲರೂ ದೂರ ಸರಿದು, ೧೧೨ಕ್ಕೆ ಕರೆ ಮಾಡಬೇಕು. ಗಾಡಿಗಿಂತ ಜೀವ ದೊಡ್ಡದು.

ಈ ಕೆಲಸಕ್ಕೆ ಬೇಕಾದುದು ಒಂದು ಮುಂಜಾವಿನ ಹೊತ್ತು ಮತ್ತು ಅಲ್ಪ ಖರ್ಚು. ಇಷ್ಟು ಲಕ್ಷ್ಯವಿಟ್ಟವರ ಗಾಡಿಗಳು ಹಂಗಾಮಿನ ನಡುವೆ ದುರಸ್ತಿಗೆಂದು ನಿಲ್ಲುವ ಪ್ರಸಂಗ ಕಡಿಮೆಯಾಗುವುದು. ಅವರ ಹೊಲದ ಕಬ್ಬೂ ಹಸಿರಾಗಿಯೇ ಕಾರಖಾನೆಯನ್ನು ಸೇರುವುದು.