ಓಣಿಯ ಟವರ್: ಯಾರನ್ನು ಕೇಳಬೇಕು?



ನಿಮ್ಮ ಓಣಿಯಲ್ಲಿ ಮೊಬೈಲ್ ಟವರ್ ಇದೆಯೇ? ಒಮ್ಮೆ ಹೊರಗೆ ಬಂದು ತಲೆ ಎತ್ತಿ ನೋಡಿ. ಕಬ್ಬಿಣದ ಎತ್ತರದ ಗೋಪುರ. ತುದಿಯಲ್ಲಿ ಉದ್ದನೆಯ ಬಿಳಿ ಪೆಟ್ಟಿಗೆಗಳು. ಅವೇ ಆಂಟೆನಾ. ಕೆಳಗೆ ತಂತಿ ಬೇಲಿ. ಕೆಲವು ಕಡೆ ಬೇಲಿಯ ಒಳಗೆ ಜನರೇಟರ್.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲಿ ಹೋದರೂ ಟವರ್ ಕಾಣುತ್ತದೆ. ಟವರ್ ಬಂತೆಂದರೆ ಓಣಿಯಲ್ಲಿ ಮಾತು ಶುರುವಾಗುತ್ತದೆ. ಒಂದು ಮನೆಯ ಅತ್ತೆ ಸೊಸೆಯ ಮಾತು ಓದಿ.

ಸೊಸೆ: ಅತ್ತಿ, ಮಗ್ಗಲ ಮನಿ ಮಾಳಿಗಿ ಮ್ಯಾಲ ಟವರ್ ಕೂಡಸ್ತಾರಂತ್ರಿ.

ಅತ್ತೆ: ಹೌದೇನ? ಅದರಿಂದ ಕ್ಯಾನ್ಸರ್ ಬರತೈತಿ ಅಂತಾರಲ್ಲ ಮಂದಿ?

ಸೊಸೆ: ನನಗೂ ಅದ ಚಿಂತಿ ಆಗೇತ್ರಿ. ಓಣಿ ಹೆಣ್ಮಕ್ಕಳು ಪುರಸಭೆಗೆ ಹೋಗಿ ಕೇಳ್ಯಾರ. "ಅದು ನಮ್ಮ ಕೈಯಾಗ ಇಲ್ಲ" ಅಂದ್ರಂತ.

ಅತ್ತೆ: ಹಂಗಾದ್ರ ಯಾರ ಕೈಯಾಗ ಐತಿ?

ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ. ಈ ಪಾಠ ಇರುವುದೇ ಆ ಪ್ರಶ್ನೆಯ ಸಲುವಾಗಿ. "ನಮ್ಮ ಕೈಯಲ್ಲಿ ಇಲ್ಲ" ಎನ್ನುವುದು ಅರ್ಧ ನಿಜ. ಉಳಿದ ಅರ್ಧವನ್ನು ನಾವು ತಿಳಿದುಕೊಳ್ಳಬೇಕು.

ಟವರಿನ ಬಗ್ಗೆ ನಮಗೆ ಎರಡು ಬಗೆಯ ಚಿಂತೆ ಇರುತ್ತದೆ. ಒಂದು, ಕಣ್ಣಿಗೆ ಕಾಣದ ಅಲೆಯ ಚಿಂತೆ. ಇನ್ನೊಂದು, ಕಣ್ಣಿಗೆ ಕಾಣುವ ಕಬ್ಬಿಣ, ಗೋಡೆ, ಹೊಗೆ, ಸದ್ದು ಇವುಗಳ ಚಿಂತೆ. ಎರಡಕ್ಕೂ ಬೇರೆ ಬೇರೆ ಕಚೇರಿ ಇದೆ. ಇಲ್ಲಿಯ ಅರ್ಜಿ ಅಲ್ಲಿಗೆ ಕೊಟ್ಟರೆ ತಿರುಗಾಟ ತಪ್ಪುವುದಿಲ್ಲ.

ಅಲೆ ಎಂದರೇನು?

ಟವರಿನಿಂದ ಬರುವುದು ರೇಡಿಯೋ ಅಲೆ. ಮನೆಯ ರೇಡಿಯೋದಲ್ಲಿ ಹಾಡು ಬರುವುದೂ ಇಂಥ ಅಲೆಯಿಂದಲೇ. ದವಾಖಾನೆಯ ಎಕ್ಸ್-ರೇ ಬೇರೆ. ಅದಕ್ಕೆ ಶಕ್ತಿ ಬಹಳ. ಅದು ಮೈಯ ಒಳಗಿನ ಜೀವಕೋಶಕ್ಕೆ ಪೆಟ್ಟು ಕೊಡಬಲ್ಲದು. ಟವರಿನ ಅಲೆಗೆ ಅಷ್ಟು ಶಕ್ತಿ ಇಲ್ಲ. ಆದರೆ ತೀರ ಹತ್ತಿರದಿಂದ ತೀರ ಹೆಚ್ಚು ಬಿದ್ದರೆ ಮೈ ಬಿಸಿಯಾಗುತ್ತದೆ. ಅದಕ್ಕೇ ಸರ್ಕಾರ ಒಂದು ಮಿತಿ ಹಾಕಿದೆ. ನಮ್ಮ ದೇಶ 2008ರಲ್ಲಿ ಅಂತರರಾಷ್ಟ್ರೀಯ ಮಿತಿಯನ್ನು ಒಪ್ಪಿಕೊಂಡಿತು. 2012ರ ಸೆಪ್ಟೆಂಬರ್ 1ರಿಂದ ಆ ಮಿತಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿತು. ಅಂದರೆ ಹತ್ತು ಸೇರು ಇದ್ದದ್ದು ಒಂದು ಸೇರು ಆಯಿತು.

ಹಾಗಾದರೆ ಕ್ಯಾನ್ಸರ್ ಮಾತು ಎಲ್ಲಿಂದ ಬಂತು? ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಒಂದಿದೆ. ಅದು 2011ರಲ್ಲಿ ಈ ಅಲೆಗಳನ್ನು "ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು" ಎಂಬ ಗುಂಪಿಗೆ ಸೇರಿಸಿತು. "ತರುತ್ತದೆ" ಎಂದು ಅದು ಹೇಳಲಿಲ್ಲ. "ತರುವುದೇ ಇಲ್ಲ" ಎಂದೂ ಹೇಳಲಿಲ್ಲ. ಆಮೇಲೆ ಇನ್ನೂ ಅಧ್ಯಯನ ನಡೆದವು. ವಿಶ್ವ ಆರೋಗ್ಯ ಸಂಸ್ಥೆ ಅವನ್ನೆಲ್ಲ ಒಟ್ಟು ಮಾಡಿ ನೋಡಿಸಿತು. ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ ಎಂದು 2024ರಲ್ಲಿ ಆ ವರದಿ ಬಂತು. ಆದ್ದರಿಂದ ಟವರ್ ನೋಡಿ ಗಾಬರಿಯಾಗಬೇಡಿ. ಹಾಗೆಂದು ಸುಮ್ಮನೆ ಕೂರುವುದೂ ಬೇಡ. ಮಿತಿ ಇದೆ ಎಂದ ಮೇಲೆ ಅದನ್ನು ಪಾಲಿಸಿದ್ದಾರೆಯೇ ಎಂದು ಕೇಳುವ ಹಕ್ಕು ನಮಗಿದೆ.

ಇನ್ನೊಂದು ಮಾತು. ದೀಪದ ಬುಡಕ್ಕೆ ಕತ್ತಲು ಎನ್ನುತ್ತೇವೆ. ಟವರೂ ಹಾಗೆಯೇ. ಆಂಟೆನಾ ಅಲೆಯನ್ನು ಬ್ಯಾಟರಿ ಬೆಳಕಿನಂತೆ ಮುಂದಕ್ಕೆ ಬಿಡುತ್ತದೆ. ನೇರ ಕೆಳಗಿನ ಮನೆಗೆ ಕಡಿಮೆ ಬೀಳುತ್ತದೆ. ಆಂಟೆನಾದ ಮುಂದೆ, ಅಷ್ಟೇ ಎತ್ತರದಲ್ಲಿ, ಹತ್ತಿರದಲ್ಲಿ ಇರುವ ಮಾಳಿಗೆ ಮನೆಗೆ ಹೆಚ್ಚು ಬೀಳುತ್ತದೆ. ಕೇಂದ್ರದ ದೂರಸಂಪರ್ಕ ಇಲಾಖೆ 2013ರಲ್ಲಿ ರಾಜ್ಯಗಳಿಗೆ ಒಂದು ಸೂಚನೆ ಕೊಟ್ಟಿತು. ಒಂದು ಆಂಟೆನಾ ಇದ್ದರೆ ಅದೇ ಎತ್ತರದ ಎದುರಿನ ಕಟ್ಟಡ 20 ಮೀಟರ್ ದೂರ ಇರಬೇಕು. ಎರಡು ಇದ್ದರೆ 35 ಮೀಟರ್. ನಾಲ್ಕು ಇದ್ದರೆ 45 ಮೀಟರ್. ಎಂಟು ಗಜದ ಮೂರು ಇಳಕಲ್ ಸೀರೆ ಉದ್ದಕ್ಕೆ ಹಾಸಿ ನೋಡಿ. 20 ಮೀಟರಿಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ.

ಟವರನ್ನೇ ಊರಿಂದ ಓಡಿಸಿದರೆ? ಆಗ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಸಿಗ್ನಲ್ ಕಡಿಮೆ ಇದ್ದಾಗ ಫೋನು ಜೋರಾಗಿ ಅಲೆ ಬಿಡುತ್ತದೆ. ಆ ಫೋನು ಇರುವುದು ನಮ್ಮ ಕಿವಿಯ ಹತ್ತಿರ. ಹೆರಿಗೆ ನೋವು ಬಂದಾಗ 108ಕ್ಕೆ ಕರೆ ಮಾಡಲೂ ಟವರ್ ಬೇಕು. ಟವರ್ ಬೇಡ ಎನ್ನುವುದು ನನ್ನ ಮಾತಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಕಾಗದದೊಂದಿಗೆ ಇರಲಿ.

ಅಲೆ ಅಳೆಯುವವರು ಯಾರು?

ಅಲೆ ಅಳೆಯುವುದು ಪುರಸಭೆಯ ಕೆಲಸವಲ್ಲ. ಗ್ರಾಮ ಪಂಚಾಯಿತಿಯ ಕೆಲಸವೂ ಅಲ್ಲ. ಇದು ಕೇಂದ್ರದ ದೂರಸಂಪರ್ಕ ಇಲಾಖೆಯ ಕೆಲಸ. ಆ ಇಲಾಖೆಯ ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಕಂಪನಿಯವರು "ನಮ್ಮ ಟವರ್ ಮಿತಿಯ ಒಳಗಿದೆ" ಎಂದು ತಾವೇ ಬರೆದು ಇಲಾಖೆಗೆ ಕೊಡಬೇಕು. ಇಲಾಖೆ ನೂರಕ್ಕೆ ಹತ್ತರಷ್ಟು ಟವರುಗಳನ್ನು ತಾನೇ ಹೋಗಿ ಪರೀಕ್ಷಿಸುವ ಕ್ರಮ ಇಟ್ಟಿತು. ನನಗೆ ಇದು ಪೂರ್ತಿ ಸಮಾಧಾನ ತರುವುದಿಲ್ಲ. ತಕ್ಕಡಿ ಅಂಗಡಿಯವನದು, ತೂಕ ಹೇಳುವವನೂ ಅವನೇ. ನಡುವೆ ಒಮ್ಮೊಮ್ಮೆ ಇನ್ಸ್‌ಪೆಕ್ಟರ್ ಬರುತ್ತಾನೆ. ಆದ್ದರಿಂದ ನಾವೇ ಕೇಳಿ ಅಳೆಸುವ ದಾರಿಯೂ ಗೊತ್ತಿರಬೇಕು.

2017ರಲ್ಲಿ ಇಲಾಖೆ "ತರಂಗ ಸಂಚಾರ" ಎಂಬ ಜಾಲತಾಣ ತೆರೆಯಿತು. ಟವರ್ ಎಲ್ಲಿದೆ, ನಿಯಮ ಪಾಲಿಸಿದೆಯೇ ಎಂದು ಅದರಲ್ಲಿ ನೋಡಬಹುದು. ನಮ್ಮ ಮನೆಯ ಹತ್ತಿರ ಬಂದು ಅಳೆಯಿರಿ ಎಂದು ಕೇಳಲೂ ಅವಕಾಶ ಕೊಟ್ಟರು. ಅದಕ್ಕೆ 4000 ರೂಪಾಯಿ ಶುಲ್ಕ ಇಟ್ಟರು. ಕೂಲಿ ಮಾಡುವ ಒಬ್ಬ ಹೆಣ್ಣುಮಗಳಿಗೆ ಇದು ದೊಡ್ಡ ಮೊತ್ತ. ಸಂಘದ ಇಪ್ಪತ್ತು ಮಂದಿ ಕೂಡಿದರೆ ತಲೆಗೆ 200 ರೂಪಾಯಿ ಬೀಳುತ್ತದೆ. ಮಗನಿಗೋ ಮಗಳಿಗೋ ಹೇಳಿ ಜಾಲತಾಣ ತೆರೆಸಿ. ಈಗ ಶುಲ್ಕ ಎಷ್ಟಿದೆ ಎಂದು ಮೊದಲು ನೋಡಿಕೊಳ್ಳಿ.

ಪುರಸಭೆಯ ಕೈಯಲ್ಲಿ ಏನಿದೆ?

ಈಗ ಆ ಉಳಿದ ಅರ್ಧದ ಮಾತು.

ಮೊದಲು ಪುರಸಭೆಯ ಅನುಮತಿ ಇಲ್ಲದೆ ಟವರ್ ಕಟ್ಟಬಾರದು ಎಂದು ಜನ ತಿಳಿದಿದ್ದರು. 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಖಾಸಗಿ ಜಾಗದಲ್ಲಿ ಟವರ್ ಹಾಕಲು ಸ್ಥಳೀಯ ಸಂಸ್ಥೆಯ ಅನುಮತಿ ಬೇಕಿಲ್ಲ ಎಂದಿತು. ಆದರೆ ಖಾಸಗಿ ಕಟ್ಟಡದ ಮೇಲೆ ಹಾಕುವುದಾದರೆ ಕೆಲಸಕ್ಕೆ ಮೊದಲೇ ಬರೆದು ತಿಳಿಸಬೇಕು ಎಂದೂ ಹೇಳಿತು. ಅದರ ಜೊತೆ "ಈ ಕಟ್ಟಡ ಈ ಭಾರ ತಾಳುತ್ತದೆ" ಎಂದು ಎಂಜಿನಿಯರ್ ಬರೆದ ಪ್ರಮಾಣಪತ್ರ ಕೊಡಬೇಕು. 2025ರ ಜನವರಿ 1ರಿಂದ ಮತ್ತೆ ಹೊಸ ನಿಯಮಗಳು ಬಂದವು. ಹೀಗೆ ನಿಯಮ ಬದಲಾಗುತ್ತಲೇ ಇವೆ. ಅದಕ್ಕೇ ಕಚೇರಿಯಲ್ಲಿ "ಅನುಮತಿ ಕೊಟ್ಟೀರೇನು?" ಎಂದಷ್ಟೇ ಕೇಳಬೇಡಿ. "ಈ ಟವರಿಗೆ ಯಾವ ನಿಯಮದಲ್ಲಿ, ಯಾವ ಯಾವ ಕಾಗದ ನಿಮ್ಮಲ್ಲಿ ಬಂದಿವೆ?" ಎಂದು ಕೇಳಿ.

ಎಂಜಿನಿಯರ್ ಪ್ರಮಾಣಪತ್ರ ಎಂದರೆ ಬರೀ ಕಾಗದ ಎನ್ನಬೇಡಿ. ಇಳಕಲ್ಲಿನ, ಗುಳೇದಗುಡ್ಡದ ನೇಕಾರರ ಓಣಿಗಳನ್ನು ನೆನಪಿಸಿಕೊಳ್ಳಿ. ಒಂದರ ಗೋಡೆಗೆ ಇನ್ನೊಂದು ಮನೆ ಅಂಟಿಕೊಂಡಿರುತ್ತದೆ. ಕೆಳಗೆ ಮಗ್ಗ. ಮಗ್ಗದ ಪಕ್ಕದಲ್ಲಿ ಕೂಸು ಮಲಗಿರುತ್ತದೆ. ಹಳೆಯ ಮಾಳಿಗೆ ಮೇಲೆ ಕಬ್ಬಿಣದ ಭಾರ ಏರಿದರೆ ಬಿರುಕು ಒಂದೇ ಮನೆಗೆ ಬರುವುದಿಲ್ಲ. ಬಾಡಿಗೆ ಒಬ್ಬರಿಗೆ, ಅಪಾಯ ನಾಲ್ಕು ಮನೆಗೆ. ಅಲೆಯ ಚಿಂತೆಗಿಂತ ನನಗೆ ಇದೇ ಹೆಚ್ಚು ಕಾಡುತ್ತದೆ. ಇದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ.

ತೆರಿಗೆಯ ಮಾತೂ ಇದೆ. ಟವರಿಗೆ ಆಸ್ತಿ ತೆರಿಗೆ ಹಾಕುವ ಕಾನೂನನ್ನು ರಾಜ್ಯಗಳು ಮಾಡಬಹುದು ಎಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಹೇಳಿತು. ಅದು ಗುಜರಾತಿನ ಅಹಮದಾಬಾದ್ ನಗರದ ಮೊಕದ್ದಮೆ. ನಮ್ಮೂರ ಟವರಿನಿಂದ ತೆರಿಗೆ ಎಷ್ಟು ಬಂತು ಎಂದು ವಾರ್ಡ್ ಸದಸ್ಯರನ್ನು ಕೇಳಿ. ಹಳ್ಳಿಯಾದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ಬಾದಾಮಿಯವರಿಗೆ ಒಂದು ವಿಶೇಷ. ಮೇಣಬಸದಿಯಂಥ ರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ ಇದೆ. ಅದರಾಚೆ ಇನ್ನೂ 200 ಮೀಟರ್ ಒಳಗೆ ಕಟ್ಟಲು ಬೇರೆ ಅನುಮತಿ ಬೇಕು. ನಿಮ್ಮ ಮನೆ ದುರಸ್ತಿಗೆ ಅವರು ಕಾಗದ ಕೇಳುತ್ತಾರಲ್ಲ? ಟವರಿನವರಿಂದಲೂ ಕೇಳಿದ್ದಾರೆಯೇ ಎಂದು ವಿಚಾರಿಸಿ.

ಜನರೇಟರ್ ಸದ್ದು ರಾತ್ರಿ ನಿದ್ದೆ ಕೆಡಿಸಿದರೆ ಅದಕ್ಕೂ ನಿಯಮ ಇದೆ. ಜನ ವಾಸಿಸುವ ಕಡೆ ಸದ್ದು ಹಗಲು 55, ರಾತ್ರಿ 45 ಡೆಸಿಬಲ್ ದಾಟಬಾರದು. ಸದ್ದು ಅಳೆಯುವ ಮಾನಕ್ಕೆ ಡೆಸಿಬಲ್ ಎನ್ನುತ್ತಾರೆ. ಈ ದೂರನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು.

ನ್ಯಾಯಾಲಯಕ್ಕೆ ಹೋದವರೂ ಇದ್ದಾರೆ. ರಾಜಸ್ಥಾನ ಹೈಕೋರ್ಟು 2012ರಲ್ಲಿ ಶಾಲೆ, ಆಸ್ಪತ್ರೆಗಳ ಮೇಲಿನ ಟವರ್ ತೆಗೆಯಲು ಹೇಳಿತು. 2017ರಲ್ಲಿ ಗ್ವಾಲಿಯರ್ ಊರಿನ ಒಬ್ಬ ಮನೆಕೆಲಸದವರು ಸುಪ್ರೀಂ ಕೋರ್ಟಿಗೆ ಹೋದರು. ಅವರಿಗೆ ಕ್ಯಾನ್ಸರ್ ಆಗಿತ್ತು. ಪಕ್ಕದ ಮನೆಯ ಮೇಲಿನ ಟವರ್ ನಿಲ್ಲಿಸಲು ಕೋರ್ಟು ಆದೇಶ ಕೊಟ್ಟಿತು. ಅದು ಆ ಒಂದು ಟವರಿನ ಆದೇಶ. ಎಲ್ಲ ಟವರಿಗೂ ಅದೇ ತೀರ್ಪು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೋಸಕ್ಕೆ ಬೀಳಬೇಡಿ

"ನಿಮ್ಮ ಹೊಲದಾಗ ಟವರ್ ಹಾಕ್ತೀವ್ರಿ. ತಿಂಗಳಾ ಸಾವಿರಾರು ರೂಪಾಯಿ ಬಾಡಿಗಿ. ಮನಿಯವ್ರಿಗೆ ನೌಕರಿ. ಮೊದಲ ಸ್ವಲ್ಪ ರೊಕ್ಕ ತುಂಬ್ರಿ." ಇಂಥ ಫೋನು ಬಂದರೆ, ಇಂಥ ಪತ್ರ ಬಂದರೆ ಅದು ಮೋಸ. ಪತ್ರದ ಮೇಲೆ ಸರ್ಕಾರದ ಮುದ್ರೆಯೂ ಇರುತ್ತದೆ. ಮುದ್ರೆ ಕಳ್ಳ ಮುದ್ರೆ. ದೂರಸಂಪರ್ಕ ಇಲಾಖೆಯೇ ಈ ಮೋಸದ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿದೆ. ನಿಜವಾದ ಕಂಪನಿ ಬಾಡಿಗೆ ಕೊಡುತ್ತದೆ. ಜಾಗದವರಿಂದ ಮುಂಗಡ ಕೇಳುವುದಿಲ್ಲ. ಹೊಲದ ಉತಾರ, ಆಧಾರ್ ನಕಲು ಯಾವುದನ್ನೂ ಕಳಿಸಬೇಡಿ. ರೊಕ್ಕ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ನಾಚಿಕೆಪಟ್ಟು ಮುಚ್ಚಿಡಬೇಡಿ. ಓದಿದವರೂ ಇದರಲ್ಲಿ ಬಿದ್ದಿದ್ದಾರೆ.

ಅರ್ಜಿ ಬರೆಯೋಣ

ಬಾಯಿಮಾತಿಗೆ ಕಚೇರಿಯಲ್ಲಿ ಗುರುತು ಉಳಿಯುವುದಿಲ್ಲ. ಬರೆದದ್ದು ಉಳಿಯುತ್ತದೆ. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಬಂತು. ಅದರಂತೆ ಯಾರು ಬೇಕಾದರೂ ಕಾಗದ ಕೇಳಬಹುದು. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. 150 ಪದ ದಾಟಬಾರದು. ನಮಗೆ ಅಷ್ಟು ಬೇಕಾಗಿಯೂ ಇಲ್ಲ.

ಯಾರಿಗೆ ಬರೆಯಬೇಕು? ಕಚೇರಿಯ ಬೋರ್ಡು ಓದಿ. "ನಗರಸಭೆ" ಎಂದಿದ್ದರೆ ದೊಡ್ಡ ಅಧಿಕಾರಿ ಪೌರಾಯುಕ್ತರು. "ಪುರಸಭೆ" ಎಂದಿದ್ದರೆ ಮುಖ್ಯಾಧಿಕಾರಿ. ಹಳ್ಳಿಯಲ್ಲಿ ಪಿಡಿಒ. ಮಾಹಿತಿ ಅರ್ಜಿಯನ್ನು ಅದೇ ಕಚೇರಿಯ "ಮಾಹಿತಿ ಅಧಿಕಾರಿ"ಗೆ ಬರೆಯಬೇಕು. ಬಾಗಲಕೋಟೆ ನವನಗರದ ಸೆಕ್ಟರುಗಳನ್ನು ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಕಟ್ಟಿದೆ. ಅಲ್ಲಿಯವರು ಆ ಕಚೇರಿಯಲ್ಲೂ ವಿಚಾರಿಸಬೇಕು.

ಈ ಮಾದರಿ ಓದಿ. ಆಮೇಲೆ ನಿಮ್ಮ ಪುಸ್ತಕದಲ್ಲಿ ಬರೆಯಿರಿ.

ಇವರಿಗೆ,
ಸಾರ್ವಜನಿಕ ಮಾಹಿತಿ ಅಧಿಕಾರಿಗಳು,
ಪುರಸಭೆ ಕಾರ್ಯಾಲಯ, ................

ವಿಷಯ: ಮೊಬೈಲ್ ಟವರಿನ ಕಾಗದಗಳ ಬಗ್ಗೆ.

ಮಾನ್ಯರೇ,
ನಮ್ಮ ವಾರ್ಡ್ ನಂಬರ್ ...... ರಲ್ಲಿ ............ ಓಣಿಯ ಕಟ್ಟಡದ ಮೇಲೆ ಮೊಬೈಲ್ ಟವರ್ ಇದೆ. ಈ ಟವರಿನ ಬಗ್ಗೆ ಕಂಪನಿ ನಿಮಗೆ ಕೊಟ್ಟ ತಿಳಿವಳಿಕೆ ಪತ್ರದ ನಕಲು ಬೇಕು. ಕಟ್ಟಡ ಗಟ್ಟಿ ಇದೆ ಎಂಬ ಎಂಜಿನಿಯರ್ ಪ್ರಮಾಣಪತ್ರದ ನಕಲು ಬೇಕು. ಇವು ನಿಮ್ಮಲ್ಲಿ ಬಂದಿಲ್ಲವಾದರೆ ಹಾಗೆಂದು ಬರೆದು ಕೊಡಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆಗಿದೆ.

ದಿನಾಂಕ: ............
ಸಹಿ ಮತ್ತು ವಿಳಾಸ: ............

"ಬಂದಿಲ್ಲವಾದರೆ ಬರೆದು ಕೊಡಿ" ಎಂಬ ಸಾಲನ್ನು ಬಿಡಬೇಡಿ. ಅಂಥ ಉತ್ತರ ಬಂದರೆ ಅದನ್ನೇ ಹಿಡಿದು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬಹುದು. ಟವರಿನ ದೂರು ಕೇಳಲು ಜಿಲ್ಲೆಗೊಂದು ಸಮಿತಿ ಇರಲಿ ಎಂದು 2013ರ ಸೂಚನೆಯಲ್ಲೇ ಇದೆ.

ಅರ್ಜಿಯನ್ನು ಎರಡು ಪ್ರತಿ ಬರೆಯಿರಿ. ಒಂದು ಕಚೇರಿಗೆ. ಇನ್ನೊಂದರ ಮೇಲೆ ಕಚೇರಿಯ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಇದಕ್ಕೆ ಸ್ವೀಕೃತಿ ಎನ್ನುತ್ತಾರೆ. "ಇಟ್ಟು ಹೋಗಮ್ಮಾ, ನೋಡ್ತೀವಿ" ಎಂದರೆ "ಸ್ವೀಕೃತಿ ಕೊಡ್ರಿ ಸಾಹೇಬ್ರ, ಹೋಗ್ತೀನಿ" ಎನ್ನಿ. ಅರ್ಜಿ ಕೊಟ್ಟ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಂದ 30 ದಿನ ಎಣಿಸಿ.

ಅಭ್ಯಾಸ

ಈ ಪದಗಳನ್ನು ಓದಿ, ಬರೆಯಿರಿ: ಟವರ್, ಅಲೆ, ಮಿತಿ, ಪ್ರಮಾಣಪತ್ರ, ಪೌರಾಯುಕ್ತರು, ಮುಖ್ಯಾಧಿಕಾರಿ, ಸ್ವೀಕೃತಿ.

ನಿಮ್ಮ ಓಣಿಯ ಟವರಿನ ಬೇಲಿಗೆ ಬೋರ್ಡು ಇದೆಯೇ? ಅದರಲ್ಲಿ ಯಾವ ಕಂಪನಿಯ ಹೆಸರು ಬರೆದಿದೆ? ಬೇಲಿಯ ಹೊರಗೆ ನಿಂತೇ ಓದಿ, ಬರೆದುಕೊಂಡು ಬನ್ನಿ.

ಟವರಿನಲ್ಲಿ ಎಷ್ಟು ಆಂಟೆನಾ ಇವೆ? ಎದುರಿಗೆ ಅಷ್ಟೇ ಎತ್ತರದ ಮನೆ ಯಾವುದು? ಎಷ್ಟು ಹೆಜ್ಜೆ ದೂರ?